ಗ್ಯಾಸ್ ಗೀಸರನ್ನು ಬಚ್ಚಲುಮನೆಯೊಳಗೆ ಹಾಕಿಸಬಹುದಾ?

ಬೇಡ. ಹೊರಗೆ, ಗಾಳಿಯಾಡುವ ಯುಟಿಲಿಟಿಯಲ್ಲೋ ಬಾಲ್ಕನಿಯಲ್ಲೋ ಗೀಸರ್ ಕೂರಿಸಿ, ಬಿಸಿನೀರಿನ ಪೈಪನ್ನು ಮಾತ್ರ ಬಚ್ಚಲಿಗೆ ತನ್ನಿ.

ಗ್ಯಾಸ್ ಉರಿಯಲು ಆಮ್ಲಜನಕ ಬೇಕು. ಚಿಕ್ಕ ಬಚ್ಚಲು, ಚಳಿ ಅಂತ ಕಿಟಕಿ ಮುಚ್ಚಿದ್ದೀರಿ, ಚಿಲಕ ಹಾಕಿದ್ದೀರಿ. ಇರುವ ಅಷ್ಟು ಗಾಳಿಯಲ್ಲೇ ಉರಿಗೂ ಪಾಲು, ನಿಮಗೂ ಪಾಲು. ಆಮ್ಲಜನಕ ಕಡಿಮೆಯಾದಂತೆ ಗ್ಯಾಸ್ ಪೂರ್ತಿ ಉರಿಯದೆ ಕಾರ್ಬನ್ ಮೊನಾಕ್ಸೈಡ್ ಎಂಬ ವಿಷದ ಅನಿಲ ಹುಟ್ಟುತ್ತದೆ. ಸಿಲಿಂಡರ್ ಗ್ಯಾಸ್ ಸೋರಿದರೆ ಮೂಗಿಗೆ ಗೊತ್ತಾಗುತ್ತದೆ, ಅದಕ್ಕೆ ಬೇಕಂತಲೇ ವಾಸನೆ ಸೇರಿಸಿರುತ್ತಾರೆ. ಕಾರ್ಬನ್ ಮೊನಾಕ್ಸೈಡ್‌ಗೆ ವಾಸನೆಯೂ ಇಲ್ಲ, ಬಣ್ಣವೂ ಇಲ್ಲ. ರಕ್ತದಲ್ಲಿ ಆಮ್ಲಜನಕ ಹೊರುವ ಹಿಮೋಗ್ಲೋಬಿನ್‌ಗೆ ಅದು ಆಮ್ಲಜನಕಕ್ಕಿಂತ 200 ಪಟ್ಟಿಗೂ ಜಾಸ್ತಿ ಬಿಗಿಯಾಗಿ ಅಂಟಿಕೊಳ್ಳುತ್ತದೆ. ತಲೆ ಸುತ್ತುತ್ತಿದೆ ಅನ್ನಿಸುವಷ್ಟರಲ್ಲಿ ಕಾಲಲ್ಲಿ ಬಲ ಇರುವುದಿಲ್ಲ, ಚಿಲಕ ತೆಗೆಯಲೂ ಆಗದೆ ಹೋಗಬಹುದು.

ಎಕ್ಸಾಸ್ಟ್ ಫ್ಯಾನ್ ಇದೆಯಲ್ವಾ ಅನ್ನುತ್ತೀರೇನೋ. ಹೊಸ ಗಾಳಿ ಒಳಗೆ ಬರಲು ದಾರಿಯೇ ಇಲ್ಲದಿದ್ದರೆ ಅದು ಸುಮ್ನೆ ತಿರುಗುತ್ತದೆ ಅಷ್ಟೇ. ಕರೆಂಟ್ ಹೋದರೆ ಅದೂ ಇಲ್ಲ.

ಹೊರಗೆ ಅಂದ್ರೆ ಬಚ್ಚಲಿನ ಕಿಟಕಿಯ ಪಕ್ಕದಲ್ಲೇ ಅಲ್ಲ. ಉರಿದ ಗಾಳಿ ಅಲ್ಲಿಂದಲೇ ಒಳಗೆ ಬಂದೀತು. ಗಾಜು ಹಾಕಿ ಮುಚ್ಚಿಸಿದ ಬಾಲ್ಕನಿಯೂ ಬೇಡ, ಅದೂ ಒಂದು ರೂಮೇ ಆಯಿತಲ್ಲ! ಎಲ್‌ಪಿಜಿ ಗಾಳಿಗಿಂತ ಭಾರ, ಸೋರಿದರೆ ನೆಲದಲ್ಲೇ ಕೂರುತ್ತದೆ. ಹಾಗಾಗಿ ನೆಲಮಟ್ಟದಲ್ಲೂ ಗಾಳಿ ಹೋಗುವ ಜಾಲರಿ ಇರಲಿ. ನೀಲಿ ಉರಿ ಹಳದಿಗೆ ತಿರುಗಿದ್ದು ಕಂಡರೆ ತಕ್ಷಣ ಆರಿಸಿ, ಮೆಕ್ಯಾನಿಕ್‌ಗೆ ಫೋನ್ ಮಾಡಿ.