ಸುಮಾ ಹೊಡೆದುಹಾಕಿದ ಸಾಲು

"ಹುಡುಗಿ ಏನು ಹೇಳಿದಳು ಮೇಡಂ?"

ನಾನು ಶಾಲೆಯಲ್ಲಿ ಮಕ್ಕಳ ಆಪ್ತಸಲಹೆಗಾರ್ತಿ. ಮಗುವೊಂದು ನನ್ನ ಕೋಣೆಯಿಂದ ಹೊರಬಿದ್ದ ಸ್ವಲ್ಪ ಹೊತ್ತಿಗೆಲ್ಲ ಯಾರಾದರೊಬ್ಬರು ಈ ಪ್ರಶ್ನೆ ಹಿಡಿದು ಬರುತ್ತಾರೆ. ಕೇಳುವವರು ಕೆಟ್ಟವರಲ್ಲ. ತರಗತಿ ಶಿಕ್ಷಕಿಗೆ ಕಾಳಜಿ, ಮುಖ್ಯಶಿಕ್ಷಕರಿಗೆ ಹೊಣೆಗಾರಿಕೆ, ಆಡಳಿತ ಮಂಡಳಿಗೆ ಶಾಲೆಯ ಹೆಸರಿನ ಚಿಂತೆ. ನನ್ನ ಉತ್ತರ ಎಲ್ಲರಿಗೂ ಒಂದೇ: ಮಗುವಿಗೆ ಏನು ಬೇಕು ಎಂದು ಹೇಳುತ್ತೇನೆ, ಮಗು ಏನು ಹೇಳಿತು ಎಂದು ಹೇಳುವುದಿಲ್ಲ. ಇದನ್ನು ಹಠ ಎನ್ನುವವರಿದ್ದಾರೆ. ಈ ಪ್ರಕರಣವನ್ನು ಅವರಿಗಾಗಿಯೇ ಬರೆಯುತ್ತಿದ್ದೇನೆ. ಹೆಸರು, ಊರು, ಮನೆಯ ಕೆಲವು ವಿವರಗಳನ್ನು ಬದಲಿಸಿದ್ದೇನೆ.

ಸುಮಾ ಎನ್ನೋಣ. ತಾಲ್ಲೂಕು ಕೇಂದ್ರವೊಂದರ ಪ್ರೌಢಶಾಲೆಯಲ್ಲಿ ಹತ್ತನೇ ತರಗತಿ. ಚೆನ್ನಾಗಿ ಓದುತ್ತಿದ್ದವಳು ದಸರಾ ರಜೆಯ ನಂತರ ಪಾಠದ ನಡುವೆ ತೂಕಡಿಸತೊಡಗಿದಳು. ಪೂರ್ವಸಿದ್ಧತಾ ಪರೀಕ್ಷೆಯಲ್ಲಿ ಅಂಕ ಕುಸಿದಾಗ ಅವಳನ್ನು ಪಾಸಿಂಗ್ ಪ್ಯಾಕೇಜ್ ಗುಂಪಿಗೆ ಸೇರಿಸಿದರು. (ಆಯ್ದ ಪ್ರಶ್ನೆಗಳನ್ನು ಬಾಯಿಪಾಠ ಮಾಡಿಸಿ ಮಕ್ಕಳನ್ನು ದಡ ಮುಟ್ಟಿಸುವ ಈ ಪದ್ಧತಿಯ ಬಗ್ಗೆ ನನಗಿರುವ ಕೋಪವನ್ನು ಇನ್ನೊಮ್ಮೆ ತೋಡಿಕೊಳ್ಳುತ್ತೇನೆ.) ಒಂದು ದಿನ ವಿಜ್ಞಾನದ ನೋಟ್‌ಬುಕ್ಕಿನ ಕೊನೆಯ ಪುಟದಲ್ಲಿ ಶಿಕ್ಷಕರಿಗೆ ಒಂದು ಸಾಲು ಸಿಕ್ಕಿತು: "ನಾನು ಇಲ್ಲದಿದ್ದರೆ ಮನೆಯವರಿಗೆ ಒಂದು ಚಿಂತೆ ಕಡಿಮೆ." ಅದನ್ನು ಸಿಬ್ಬಂದಿ ಕೊಠಡಿಯಲ್ಲಿ ಓದಲಾಯಿತು. ಮಧ್ಯಾಹ್ನದ ಊಟದ ಹೊತ್ತಿಗೆ ಶಾಲೆಯಲ್ಲಿ ಅದು ಗೊತ್ತಿಲ್ಲದವರು ಯಾರೂ ಇರಲಿಲ್ಲ. ಆಮೇಲೆ ಅವಳನ್ನು ನನ್ನ ಬಳಿಗೆ ಕಳುಹಿಸಿದರು.

ಸಾಯಬೇಕು ಅನ್ನಿಸುತ್ತದೆಯೇ ಎಂದು ನೇರವಾಗಿಯೇ ಕೇಳಿದೆ. ಹಾಗೆ ಕೇಳಿದರೆ ಇಲ್ಲದ ಯೋಚನೆಯನ್ನು ನಾವೇ ತಲೆಗೆ ಹಾಕಿದಂತೆ ಎಂಬ ಭಯ ನಮ್ಮ ಶಾಲೆಗಳಲ್ಲಿ ವ್ಯಾಪಕವಾಗಿದೆ. ಅದು ತಪ್ಪು ತಿಳಿವಳಿಕೆ. "ಕೆಲವು ರಾತ್ರಿ ಅನ್ನಿಸುತ್ತದೆ" ಎಂದಳು. ತಯಾರಿ ಏನೂ ಮಾಡಿಕೊಂಡಿರಲಿಲ್ಲ. ಅಂದೇ ಅವಳ ತಾಯಿಯನ್ನು ಕರೆಸಿ, ಅವಳ ಎದುರಿಗೇ ವಿಷಯ ತಿಳಿಸಿದೆ. ಪ್ರಾಣದ ವಿಷಯದಲ್ಲಿ ನಾನು ಗುಟ್ಟು ಕಾಯುವುದಿಲ್ಲ. ಇದನ್ನು ಪ್ರತಿ ಮಗುವಿಗೂ ಮಾತು ಆರಂಭಿಸುವ ಮೊದಲೇ ಹೇಳಿರುತ್ತೇನೆ.

ಎರಡನೆಯ ಭೇಟಿಯಲ್ಲಿ ಅವಳ ಕಣ್ಣು ನನ್ನ ಮೇಜಿನ ಮೇಲಿದ್ದ ಫೈಲಿನ ಮೇಲೆಯೇ ಇತ್ತು.

"ಇದನ್ನು ಎಲ್ಲಿಡುತ್ತೀರಿ ಮೇಡಂ?"

ಬೀರುವಿನಲ್ಲಿ, ಬೀಗದ ಕೈ ನನ್ನ ಬಳಿ ಇರುತ್ತದೆ ಎಂದೆ.

"ಹೆಡ್‌ಮಾಸ್ಟರ್ ಕೇಳಿದರೆ?"

ಕೊಡುವುದಿಲ್ಲ ಎಂದೆ. ಅವಳಿಗೆ ನಂಬಿಕೆ ಬರಲಿಲ್ಲ; ನೋಟ್‌ಬುಕ್ಕಿನ ಕಥೆಯಾದ ಮೇಲೆ ಏಕೆ ಬರಬೇಕು? ಫೈಲನ್ನು ಅವಳ ಕಡೆಗೆ ತಿರುಗಿಸಿ ಪೆನ್ನು ಕೊಟ್ಟೆ. "ಇದರಲ್ಲಿ ಇರಬಾರದು ಅನ್ನಿಸಿದ್ದನ್ನು ಹೊಡೆದುಹಾಕು" ಎಂದೆ. ಸಾವಿನ ಯೋಚನೆಯ ಬಗ್ಗೆ ಬರೆದ ಸಾಲಿನ ಮೇಲೆ ಪೆನ್ನು ಆಡೀತು ಎಂದುಕೊಂಡಿದ್ದೆ. ಅವಳು ಅದನ್ನು ಓದಿ, ಹಾಗೆಯೇ ಬಿಟ್ಟಳು. ಕೆಳಗೆ "ತಂದೆ ಕುಡಿದು ಬಂದ ದಿನ ನಿದ್ದೆ ಇಲ್ಲ" ಎಂದು ನಾನು ಬರೆದುಕೊಂಡಿದ್ದ ಸಾಲನ್ನು, ಒಂದಕ್ಷರವೂ ಕಾಣದ ಹಾಗೆ, ಕಾಗದ ಹರಿಯುವಷ್ಟು ಗೀಚಿದಳು.

"ಅದು ಎಲ್ಲರಿಗೂ ಗೊತ್ತಾಗಿ ಹೋಗಿದೆ ಮೇಡಂ. ಇದು ಇನ್ನೂ ಯಾರಿಗೂ ಗೊತ್ತಿಲ್ಲ."

ಅವಳ ತಂದೆ ಆಟೊ ಓಡಿಸುತ್ತಾರೆ. ಬೆಳಿಗ್ಗೆ ಅದೇ ಶಾಲೆಯ ಚಿಕ್ಕ ತರಗತಿಯ ಮಕ್ಕಳನ್ನು ಕರೆತರುವುದೇ ಮನೆಯ ಖಚಿತ ಆದಾಯ. ಆಟೊ ಮೇಲೆ ಸಾಲವಿದೆ. ಕುಡಿತದ ಸುದ್ದಿ ಹಬ್ಬಿದರೆ ಯಾವ ಪೋಷಕರೂ ಮಕ್ಕಳನ್ನು ಹತ್ತಿಸುವುದಿಲ್ಲ. ಹಾಗಾಗಿ ಅವಳು ಅಪ್ಪ ಮಲಗುವವರೆಗೆ ಎದ್ದಿದ್ದು ಆಟೊ ಕೀಲಿಯನ್ನು ಬಚ್ಚಿಡುತ್ತಾಳೆ. ಐದಕ್ಕೆ ಎದ್ದು, ಅಪ್ಪನನ್ನು ಎಬ್ಬಿಸಿ, ಕಾಫಿ ಕುಡಿಸಿ, ಟ್ರಿಪ್ ತಡವಾಗದಂತೆ ಹೊರಡಿಸುತ್ತಾಳೆ. ಹದಿನೈದು ವರ್ಷದ ಹುಡುಗಿ ತರಗತಿಯಲ್ಲಿ ತೂಕಡಿಸುವುದಕ್ಕೆ ಇನ್ನೇನು ಕಾರಣ ಬೇಕು?

"ರಾತ್ರಿ ಮಾತ್ರ ಕುಡಿಯುತ್ತಾರೆ, ಬೆಳಿಗ್ಗೆ ಮುಟ್ಟುವುದಿಲ್ಲ" ಎಂದು ಭರವಸೆ ಕೊಟ್ಟಳು. ನನಗೆ ಧೈರ್ಯ ಬರಲಿಲ್ಲ. ನಡುರಾತ್ರಿಯವರೆಗೆ ಏರಿಸಿದ ಮದ್ಯದ ಅಂಶ ಬೆಳಿಗ್ಗೆಯೂ ರಕ್ತದಲ್ಲಿ ಇರಬಹುದು. ಯಕೃತ್ತು ಅದನ್ನು ತನ್ನ ವೇಗದಲ್ಲೇ ಕರಗಿಸುತ್ತದೆ. ಕಾಫಿಗಾಗಲಿ ತಣ್ಣೀರಿಗಾಗಲಿ ಅದನ್ನು ಅವಸರಪಡಿಸುವ ಶಕ್ತಿ ಇಲ್ಲ. ಇದನ್ನು ಅವಳಿಗೂ ಹೇಳಿದೆ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ 23ನೇ ಸೆಕ್ಷನ್ ಗೋಪ್ಯತೆಯನ್ನು ಹಕ್ಕೆಂದು ಒಪ್ಪಿಕೊಂಡೇ, ಬೇರೆಯವರನ್ನು ಹಾನಿಯಿಂದ ಕಾಪಾಡಬೇಕಾದಾಗ ವಿನಾಯಿತಿ ಇಟ್ಟಿದೆ. ಆಟೊದಲ್ಲಿ ಕೂರುವ ಮಕ್ಕಳು ಆ ಬೇರೆಯವರು.

"ಹಾಗಾದರೆ ನನ್ನಿಂದ ಹೇಳಿಸಿದ್ದೇಕೆ?" ಎಂದಳು. ಅಷ್ಟು ಸಿಟ್ಟಿನಲ್ಲಿ ಅವಳು ಮಾತನಾಡಿದ್ದು ಅದೇ ಮೊದಲು. ನನಗೆ ಅದು ಒಳ್ಳೆಯ ಲಕ್ಷಣವಾಗಿಯೇ ಕಂಡಿತು.

"ನಿನ್ನ ಬೆನ್ನ ಹಿಂದೆ ಯಾರಿಗೂ ಹೇಳುವುದಿಲ್ಲ. ಸರಿಪಡಿಸುವ ಮೊದಲ ಅವಕಾಶ ನಿಮ್ಮ ಮನೆಯವರಿಗೆ. ಆದರೆ ನಾಳೆ ಬೆಳಗಿನ ಟ್ರಿಪ್ ಅಪ್ಪ ಓಡಿಸಬಾರದು. ಓಡಿಸಿದರೆ ನಾನು ಹೆಡ್‌ಮಾಸ್ಟರಿಗೆ ಹೇಳುತ್ತೇನೆ, ಹೇಳಿದ್ದೇನೆಂದು ನಿನಗೂ ತಿಳಿಸುತ್ತೇನೆ."

ಸಂಜೆ ತಾಯಿ ಮತ್ತು ಸೋದರಮಾವ ಬಂದರು. ಮಾವನಿಗೂ ಲೈಸೆನ್ಸ್ ಇತ್ತು, ಬೆಳಗಿನ ಟ್ರಿಪ್ ವಹಿಸಿಕೊಂಡರು. ಮರುದಿನ ಗೇಟಿನ ಬಳಿ ನಿಂತು ಚಾಲಕನ ಸೀಟಿನಲ್ಲಿ ಯಾರಿದ್ದಾರೆಂದು ನೋಡಿದೆ. ಬದಲಾವಣೆಗೆ ಪೋಷಕರಿಗೆ ಏನು ಕಾರಣ ಕೊಟ್ಟರೋ, ನಾನು ವಿಚಾರಿಸಲಿಲ್ಲ.

ಸುಮಾಳಿಗೆ ಕೊಟ್ಟ ಸಲಹೆ ಚಿಕ್ಕದು: ಕೀಲಿ ಅಮ್ಮನ ಕೆಲಸ, ಎಬ್ಬಿಸುವುದು ಯಾರ ಕೆಲಸವೂ ಅಲ್ಲ, ಪರೀಕ್ಷೆ ಮುಗಿಯುವವರೆಗೆ ಅಜ್ಜಿಯ ಮನೆಯಲ್ಲಿ ಮಲಗು. ಓದಿನ ವೇಳಾಪಟ್ಟಿ ಕೊಡಲಿಲ್ಲ. ನಿದ್ದೆಯಿಲ್ಲದ ಮಗುವಿಗೆ ವೇಳಾಪಟ್ಟಿ ಬರೆದುಕೊಡುವುದು ನಮ್ಮ ಸಮಾಧಾನಕ್ಕಷ್ಟೇ. ರಾತ್ರಿ ಆ ಯೋಚನೆ ಮತ್ತೆ ಬಂದರೆ ಅಜ್ಜಿಯನ್ನು ಎಬ್ಬಿಸಬೇಕು, ಇಲ್ಲವೇ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416ಕ್ಕೆ ಕರೆ ಮಾಡಬೇಕು. ಅದು ಉಚಿತ, ಇಡೀ ದಿನ ತೆರೆದಿರುತ್ತದೆ, ಕನ್ನಡದಲ್ಲೇ ಮಾತನಾಡಬಹುದು.

ತಂದೆ ಬಂದಾಗ ಮೊದಲು ಕೇಳಿದ್ದು, "ಮಗಳು ಏನು ಹೇಳಿದಳು?" ಅವರಿಗೂ ಅದೇ ಉತ್ತರ: "ಅವಳಿಗೆ ನಿದ್ದೆ ಬೇಕು." ಬಹಳ ಹೊತ್ತಿನ ಮೇಲೆ, ಮುಂದಿನ ಸಲ ಅಯ್ಯಪ್ಪನ ಮಾಲೆ ಹಾಕಿದಾಗ ಬಿಟ್ಟೇಬಿಡುತ್ತೇನೆ ಎಂದರು. ಅಷ್ಟು ದಿನ ಕಾಯಲಾಗದು ಎಂದೆ. ದಿನವೂ ಹೆಚ್ಚು ಕುಡಿಯುವವರು ತಾವಾಗಿಯೇ ಒಮ್ಮೆಲೇ ನಿಲ್ಲಿಸಿದರೆ ಅಪಾಯವಾಗಬಹುದು; ಆದ್ದರಿಂದ ರಾಜ್ಯ ಸರ್ಕಾರದ ಮನೋಚೈತನ್ಯ ಕಾರ್ಯಕ್ರಮದಡಿ ಮಂಗಳವಾರ ತಾಲ್ಲೂಕು ಆಸ್ಪತ್ರೆಗೆ ಬರುವ ಮನೋವೈದ್ಯರ ಬಳಿ ಕಳುಹಿಸಿದೆ. ಹೋದರು, ತಪ್ಪಿಸಿದರು, ಮತ್ತೆ ಹೋದರು. ಸುಮಾ ಪರೀಕ್ಷೆ ಬರೆದಳು.

ಮುಖ್ಯಶಿಕ್ಷಕರಿಗೆ ಒಂದು ಹಾಳೆ ಕೊಟ್ಟಿದ್ದೆ: ಸಂಜೆಯ ವಿಶೇಷ ತರಗತಿಯಿಂದ ವಿನಾಯಿತಿ, ಮೊದಲಿನ ಗುಂಪಿಗೆ ವಾಪಸು, ನೋಟ್‌ಬುಕ್ಕಿನ ಮಾತನ್ನು ಯಾರೂ ಎತ್ತಬಾರದು, ಜೀವಕ್ಕೆ ಸಂಬಂಧಿಸಿದ ಆತಂಕ ತಾಯಿಗೆ ತಿಳಿದಿದೆ ಮತ್ತು ನಿಗಾ ಇದೆ. "ನಾಳೆ ಏನಾದರೂ ಆದರೆ ಉತ್ತರ ಕೊಡಬೇಕಾದವನು ನಾನು, ಕಾರಣ ನನಗೇ ಗೊತ್ತಿಲ್ಲ" ಎಂದು ಅವರು ನೊಂದುಕೊಂಡರು. ಆಟೊ ವಿಷಯವನ್ನು ಅವರಿಗೆ ಹೇಳಬೇಕಿತ್ತು ಎಂದು ನನ್ನ ಸಹೋದ್ಯೋಗಿಯೊಬ್ಬರು ಈಗಲೂ ವಾದಿಸುತ್ತಾರೆ. ಅಪಾಯ ಮರುದಿನವೇ ತಪ್ಪಿತ್ತು. ಆ ಮೇಲೂ ಹೇಳಿದ್ದರೆ ಉಳಿಯುತ್ತಿದ್ದುದು ಸುದ್ದಿ ಮಾತ್ರ. ಆ ಮನೆಯ ಅನ್ನ ಹೋಗುತ್ತಿತ್ತು, ಅದಕ್ಕೆ ಕಾರಣ ತಾನು ಬಾಯಿಬಿಟ್ಟದ್ದು ಎಂದು ಸುಮಾ ನಂಬುತ್ತಿದ್ದಳು. ಸಾಯುವ ಯೋಚನೆಯಿದ್ದ ಹುಡುಗಿಯ ತಲೆಗೆ ಆ ಭಾರ ಹೊರಿಸಲು ನಾನು ಸಿದ್ಧಳಿರಲಿಲ್ಲ. ಲೈಂಗಿಕ ದೌರ್ಜನ್ಯವಾಗಿದ್ದರೆ ಇಂಥ ವಿವೇಚನೆಗೆ ಎಡೆಯೇ ಇಲ್ಲ. ಪೋಕ್ಸೊ ಕಾಯ್ದೆಯ 19ನೇ ಸೆಕ್ಷನ್ ಪ್ರಕಾರ ಪೊಲೀಸರಿಗೆ ತಿಳಿಸಲೇಬೇಕು.

2025ರ ಜುಲೈನಲ್ಲಿ ಸುಪ್ರೀಂ ಕೋರ್ಟ್, ನೂರು ಅಥವಾ ಹೆಚ್ಚು ವಿದ್ಯಾರ್ಥಿಗಳಿರುವ ಶಿಕ್ಷಣ ಸಂಸ್ಥೆಗಳು ಅರ್ಹ ಸಲಹೆಗಾರರನ್ನು ಹೊಂದಿರಬೇಕೆಂದು ಹೇಳಿತು. ಸಂತೋಷ. ನೇಮಕವಾದ ಮೇಲೆ ಫೈಲು ಯಾರ ಬೀರುವಿನಲ್ಲಿರುತ್ತದೆ ಎಂಬುದನ್ನೂ ಶಾಲೆಗಳು ಮೊದಲೇ ತೀರ್ಮಾನಿಸಿಕೊಳ್ಳಲಿ. ನಾನು ಹೋಗುವ ಶಾಲೆಯ ಆಪ್ತಸಲಹೆ ರಿಜಿಸ್ಟರಿನಲ್ಲಿ ಹೆಸರು, ತರಗತಿಯ ಪಕ್ಕದಲ್ಲೇ "ಸಮಸ್ಯೆಯ ವಿವರ" ಎಂಬ ಕಾಲಂ ಇದೆ, ರಿಜಿಸ್ಟರ್ ಇರುವುದು ಕಚೇರಿಯ ಮೇಜಿನ ಮೇಲೆ. ಅಲ್ಲಿ "ಬೇಕಾದ ನೆರವು" ಎಂದು ತಿದ್ದಿಕೊಡಿ ಎಂದು ಲಿಖಿತವಾಗಿ ಕೇಳಿದ್ದೇನೆ. ಮುಂದಿನ ಸಭೆಯಲ್ಲಿ ಚರ್ಚಿಸೋಣ ಎಂದಿದ್ದಾರೆ.