ಯೂತ್ ಹಾಸ್ಟೆಲ್‌ಗೆ ಪುಟ್ಟ ಮಕ್ಕಳನ್ನು ಕರೆದೊಯ್ಯಬಹುದೇ?

ಪ್ರವಾಸ: ಓದುಗರ ಪ್ರಶ್ನೆಗಳಿಗೆ ಉತ್ತರ

ಪ್ರಶ್ನೆ: ಬರುವ ಬೇಸಿಗೆ ರಜೆಯಲ್ಲಿ ನಾವು ಜರ್ಮನಿಯ ಸ್ಟುಟ್‌ಗಾರ್ಟ್‌ನಲ್ಲಿರುವ ನಮ್ಮ ಅಣ್ಣನ ಮನೆಗೆ ಹೋಗಲಿದ್ದೇವೆ. ಅಲ್ಲಿಂದ ನ್ಯೂರೆಂಬರ್ಗ್ ಮತ್ತು ರೈನ್ ನದಿಯ ಕಣಿವೆಯನ್ನು ನೋಡಿಬರುವ ಆಸೆಯಿದೆ. ಮಗಳಿಗೆ ಏಳು ವರ್ಷ, ಮಗನಿಗೆ ಮೂರು. ಹೋಟೆಲುಗಳ ದರ ಕೈಗೆಟುಕದ್ದರಿಂದ ಅಣ್ಣ ಯೂತ್ ಹಾಸ್ಟೆಲ್‌ಗಳನ್ನು ಸೂಚಿಸಿದ್ದಾನೆ. ಕಾಲೇಜು ಹುಡುಗರು ಇಳಿದುಕೊಳ್ಳುವ ಜಾಗದಲ್ಲಿ ಮಕ್ಕಳೊಂದಿಗೆ ಇರಲಾದೀತೇ, ಸಸ್ಯಾಹಾರಿಗಳಾದ ನಮಗೆ ಊಟ ಸಿಕ್ಕೀತೇ ಎಂಬ ಅಳುಕು ಮನೆಯಲ್ಲಿದೆ.
– ಓದುಗರೊಬ್ಬರು, ಮೈಸೂರು

ಉತ್ತರ: ಧಾರಾಳವಾಗಿ ಇರಬಹುದು. ನಿಮ್ಮ ಮಕ್ಕಳ ವಯಸ್ಸಿಗೆ ಹೋಟೆಲಿಗಿಂತ ಹಾಸ್ಟೆಲ್ಲೇ ಮೇಲು ಎಂಬುದು ನನ್ನ ಅಭಿಪ್ರಾಯ. ಆದರೆ ನಿಮ್ಮ ನಾಲ್ವರಿಗಷ್ಟೇ ಮೀಸಲಾದ, ಒಳಗಿನಿಂದ ಚಿಲಕ ಹಾಕಿಕೊಳ್ಳಬಹುದಾದ ಪ್ರತ್ಯೇಕ ಕೋಣೆ ಸಿಗುವುದಾದರೆ ಮಾತ್ರ ಈ ಮಾತು ನಿಲ್ಲುತ್ತದೆ. ಅಪರಿಚಿತರೊಡನೆ ಹಂಚಿಕೊಳ್ಳುವ ಡಾರ್ಮಿಟರಿಯಲ್ಲಿ ಮೂರು ವರ್ಷದ ಮಗುವನ್ನು ಮಲಗಿಸುವ ಯೋಚನೆಯನ್ನು, ಹಣ ಎಷ್ಟೇ ಉಳಿಯುವಂತಿದ್ದರೂ, ಕೈಬಿಡಿ.

ಕಾಲೇಜು ಹುಡುಗರ ಜಾಗವೆಂಬ ಭಾವನೆ ಜರ್ಮನಿಯ ಮಟ್ಟಿಗೆ ಸರಿಯಲ್ಲ. ಈ ವ್ಯವಸ್ಥೆ ಹುಟ್ಟಿದ್ದೇ ಶಾಲಾ ಮಕ್ಕಳಿಗಾಗಿ. 1909ರ ಆಗಸ್ಟ್‌ನಲ್ಲಿ ರಿಚರ್ಡ್ ಶಿರ್‌ಮನ್ ಎಂಬ ಶಾಲಾ ಶಿಕ್ಷಕರು ತಮ್ಮ ವಿದ್ಯಾರ್ಥಿಗಳೊಡನೆ ಹಲವು ದಿನಗಳ ಕಾಲ್ನಡಿಗೆ ಪ್ರವಾಸದಲ್ಲಿದ್ದಾಗ ಗುಡುಗು ಮಳೆಗೆ ಸಿಕ್ಕಿಬಿದ್ದು, ಹಳ್ಳಿಯೊಂದರ ಶಾಲೆಯಲ್ಲಿ ಹುಲ್ಲು ಹಾಸಿಕೊಂಡು ರಾತ್ರಿ ಕಳೆಯಬೇಕಾಯಿತು. ರಜೆಯಲ್ಲಿ ಖಾಲಿ ಬಿದ್ದಿರುವ ಶಾಲೆಗಳೇ ನಡೆದಾಡುವ ಮಕ್ಕಳಿಗೆ ತಂಗುದಾಣವೇಕಾಗಬಾರದು ಎಂಬ ಯೋಚನೆ ಅವರಿಗೆ ಅಲ್ಲಿ ಬಂತು. 1912ರಲ್ಲಿ ಆಲ್ಟೆನಾ ಪಟ್ಟಣದ ಕೋಟೆಯೊಳಗೆ ತೆರೆದ ಹಾಸ್ಟೆಲನ್ನು ಜಗತ್ತಿನ ಮೊದಲ ಯೂತ್ ಹಾಸ್ಟೆಲ್ ಎಂದು ಗುರುತಿಸುತ್ತಾರೆ. ಅದರ ಹಳೆಯ ಕೋಣೆಗಳು ಈಗ ವಸ್ತುಸಂಗ್ರಹಾಲಯವಾಗಿವೆ. ಇಂದಿಗೂ ಜರ್ಮನಿಯ ಯೂತ್ ಹಾಸ್ಟೆಲ್ ಸಂಘದ ಮುಖ್ಯ ಅತಿಥಿಗಳೆಂದರೆ ಶಾಲಾ ತಂಡಗಳು ಮತ್ತು ಮಕ್ಕಳಿರುವ ಕುಟುಂಬಗಳೇ. ಬವೇರಿಯ ರಾಜ್ಯದಲ್ಲಿ 26 ವರ್ಷ ದಾಟಿದವರಿಗೆ ಪ್ರವೇಶವಿಲ್ಲವೆಂಬ ನಿಯಮ ಬಹುಕಾಲ ಜಾರಿಯಲ್ಲಿದ್ದಾಗಲೂ ಮಕ್ಕಳೊಡನೆ ಬರುವ ತಂದೆತಾಯಿಗಳಿಗೆ ಅದರಿಂದ ವಿನಾಯಿತಿಯಿತ್ತು; ಈಗ ಆ ನಿಯಮವೇ ಇಲ್ಲ.

ಇನ್ನು ಕೋಣೆಯ ವಿಚಾರ. ಕುಟುಂಬದ ಕೋಣೆ ಎಂದರೆ ಸಾಮಾನ್ಯವಾಗಿ ನಾಲ್ಕು ಹಾಸಿಗೆಗಳು, ಅಂದರೆ ಒಂದರ ಮೇಲೊಂದಿರುವ ಎರಡು ಜೋಡಿ ಮಂಚಗಳು, ಒಂದು ಮೇಜು, ನಾಲ್ಕು ಕುರ್ಚಿ, ಬೀರು. ಟಿ.ವಿ. ನಿರೀಕ್ಷಿಸಬೇಡಿ. ಮಂಚದ ವಿಷಯದಲ್ಲಿ ಮಾತ್ರ ಮಕ್ಕಳ ಹಟಕ್ಕೆ ಮಣಿಯಬೇಡಿ. ಏಣಿ ಹತ್ತಿ ಮೇಲೆ ಮಲಗುವುದೇ ಅವರಿಗೆ ಇಡೀ ಪ್ರವಾಸದ ದೊಡ್ಡ ಸಂಭ್ರಮವಾಗಿರುತ್ತದೆ, ಆದರೆ ಮೇಲಿನ ಮಂಚ ಆರು ವರ್ಷಕ್ಕಿಂತ ಚಿಕ್ಕವರಿಗೆ ಸಲ್ಲದೆಂದು ಯುರೋಪಿನ ಇ.ಎನ್. 747 ಎಂಬ ಸುರಕ್ಷತಾ ಮಾನದಂಡ ಹೇಳುತ್ತದೆ. ಮಗಳು ಮೇಲೆ ಮಲಗಬಹುದು. ಮಗ ಕೆಳಗೆ, ಗೋಡೆಯ ಬದಿಗೆ, ನಿಮ್ಮಲ್ಲೊಬ್ಬರು ಅವನ ಪಕ್ಕದ ಕೆಳಮಂಚದಲ್ಲಿ. ಅವನು ಹಗಲಿನಲ್ಲಿ ಏಣಿ ಹತ್ತದಂತೆಯೂ ಕಣ್ಣಿಡಬೇಕು. ಬೀಳುವ ಅಪಾಯ ನಿದ್ದೆಯಲ್ಲಿರುವಷ್ಟೇ ಆಟದಲ್ಲೂ ಇದೆ.

ಶೌಚಾಲಯ ಕೋಣೆಯೊಳಗಿದೆಯೇ ಹೊರಗಿನ ಓಣಿಯಲ್ಲಿದೆಯೇ ಎಂದು ಕಾಯ್ದಿರಿಸುವ ಮೊದಲೇ ಕೇಳಿ ತಿಳಿದುಕೊಳ್ಳಿ. ನವೀಕರಿಸಿದ ಹಾಸ್ಟೆಲ್‌ಗಳಲ್ಲಿ ಕೋಣೆಗೇ ಹೊಂದಿಕೊಂಡ ಸ್ನಾನಗೃಹವಿರುತ್ತದೆ, ಹಳೆಯವುಗಳಲ್ಲಿ ಇಡೀ ಮಹಡಿಗೆ ಒಂದೇ ಕಡೆ. ರಾತ್ರಿ ಎರಡು ಗಂಟೆಗೆ ನಿದ್ದೆಗಣ್ಣಿನ ಮಗುವನ್ನು ಎತ್ತಿಕೊಂಡು ತಣ್ಣನೆಯ ಓಣಿಯ ಉದ್ದಕ್ಕೂ ನಡೆಯುವಾಗ, ಉಳಿಸಿದ ನಾಲ್ಕಾರು ಯೂರೋಗಳ ಬಗ್ಗೆ ಯಾರಿಗೂ ಹೆಮ್ಮೆಯೆನಿಸುವುದಿಲ್ಲ. ನಮ್ಮ ಅಭ್ಯಾಸಕ್ಕೆ ಬೇಕಾದ ನೀರಿನ ಕೊಳವೆ ಅಲ್ಲೆಲ್ಲೂ ಇರುವುದಿಲ್ಲವಾದ್ದರಿಂದ ಸಣ್ಣದೊಂದು ಪ್ಲಾಸ್ಟಿಕ್ ಚೊಂಬು ಚೀಲದಲ್ಲಿರಲಿ.

ಹಾಸ್ಟೆಲಿನ ದಿನಚರಿ ಗಡಿಯಾರದ ಪ್ರಕಾರ ನಡೆಯುತ್ತದೆ. ಮಧ್ಯಾಹ್ನದ ಮೇಲಷ್ಟೇ ಕೋಣೆ ಕೊಡುತ್ತಾರೆ, ಹೊರಡುವ ದಿನ ಬೆಳಿಗ್ಗೆ ಹತ್ತರ ಸುಮಾರಿಗೆ ಬಿಟ್ಟುಕೊಡಬೇಕು, ರಾತ್ರಿಯೂಟ ಆರರ ಹೊತ್ತಿಗೇ ಶುರುವಾಗಿ ಬೇಗ ಮುಗಿಯುತ್ತದೆ, ಹತ್ತರ ನಂತರ ಗದ್ದಲ ಮಾಡುವಂತಿಲ್ಲ. ಹರೆಯದವರು ಗೊಣಗುವ ಈ ಕಟ್ಟುಪಾಡೇ ಪುಟ್ಟ ಮಕ್ಕಳಿರುವವರಿಗೆ ವರ. ಏಳು ಗಂಟೆಗೆ ಹೊಟ್ಟೆ ತುಂಬಿದ ಮಗು ಎಂಟಕ್ಕೆ ಮಲಗಿದರೆ ಮರುದಿನ ಸರಿಹೋಗುತ್ತದೆ. ಧರ್ಮಸ್ಥಳದ ವಸತಿಗೃಹದಲ್ಲಿ ಇಳಿದುಕೊಂಡು ಸರದಿಯಂತೆ ಊಟಕ್ಕೆ ಹೋದವರಿಗೆ ಈ ಬಗೆಯ ಶಿಸ್ತು ಹೊಸದೇನೂ ಅಲ್ಲ. ವ್ಯತ್ಯಾಸವೆಂದರೆ, ಇಲ್ಲಿ ಉಂಡ ತಟ್ಟೆಯನ್ನು ನೀವೇ ಒಯ್ದು ತಳ್ಳುಗಾಡಿಯಲ್ಲಿಡಬೇಕು, ಕೆಲವೆಡೆ ಮೇಜನ್ನೂ ಒರೆಸಬೇಕು.

ಹಾಸಿಗೆಯನ್ನೂ ನೀವೇ ಸಿದ್ಧಪಡಿಸಿಕೊಳ್ಳಬೇಕು. ತೊಳೆದ ಮೇಲುಹೊದಿಕೆ, ರಜಾಯಿಯ ಗವಸು, ದಿಂಬಿನ ಗವಸುಗಳ ಕಟ್ಟನ್ನು ಸ್ವಾಗತ ಕಟ್ಟೆಯಲ್ಲಿ ಕೊಡುತ್ತಾರೆ, ಇಲ್ಲವೇ ಹಾಸಿಗೆಯ ಮೇಲಿಟ್ಟಿರುತ್ತಾರೆ. ಗವಸಿನೊಳಗೆ ರಜಾಯಿಯನ್ನು ತುರುಕುವ ಕೆಲಸವನ್ನು ಮಗಳಿಗೆ ಒಪ್ಪಿಸಿ. ಅವಳು ಗವಸಿನೊಳಗೇ ಹೊಕ್ಕು ಮೂಲೆ ಹಿಡಿಯುವಷ್ಟರಲ್ಲಿ ನಿಮಗೆ ಚೀಲ ಬಿಚ್ಚಲು ಸಮಯ ಸಿಗುತ್ತದೆ. ಹೊರಡುವಾಗ ಎಲ್ಲವನ್ನೂ ಬಿಚ್ಚಿ ಓಣಿಯ ಬುಟ್ಟಿಗೆ ಹಾಕಬೇಕು. ಟವೆಲ್ ಕೊಡುವುದಿಲ್ಲ, ಕೊಟ್ಟರೂ ಬಾಡಿಗೆಗೆ.

ಊಟದ ಬಗ್ಗೆ ಹೇಳುವುದಾದರೆ, ಬೆಳಗಿನ ಉಪಾಹಾರ ಸಾಮಾನ್ಯವಾಗಿ ಬಾಡಿಗೆಯಲ್ಲೇ ಸೇರಿರುತ್ತದೆ: ಬ್ರೆಡ್, ಬೆಣ್ಣೆ, ಜಾಮ್, ಚೀಸ್, ಸೌತೆಕಾಯಿ, ಟೊಮೆಟೊ, ಹಾಲು, ಮೊಸರು, ಮ್ಯೂಸ್ಲಿ. ಮಕ್ಕಳ ಹೊಟ್ಟೆ ಇದರಲ್ಲೇ ತುಂಬುತ್ತದೆ. ರಾತ್ರಿಯೂಟಕ್ಕೆ ಸಸ್ಯಾಹಾರ ಬೇಕೆಂದು ಕಾಯ್ದಿರಿಸುವಾಗಲೇ ಬರೆದು ತಿಳಿಸಿದರೆ ಮಾಡಿಕೊಡುತ್ತಾರೆ. ಮೊಟ್ಟೆಯೂ ಬೇಡವೆಂದಾದರೆ ಅದನ್ನು ಬಿಡಿಸಿ ಹೇಳಲೇಬೇಕು, ಏಕೆಂದರೆ ಸ್ಟುಟ್‌ಗಾರ್ಟ್ ಕಡೆಯ ಹೆಸರಾಂತ ಶ್ಪೆಟ್ಸ್‌ಲೆ ಎಂಬ ಶಾವಿಗೆಯಂಥ ತಿನಿಸನ್ನು ಮೊಟ್ಟೆ ಹಾಕಿಯೇ ಕಲಸುತ್ತಾರೆ, ಮತ್ತು ಅಲ್ಲಿನವರ ಲೆಕ್ಕದಲ್ಲಿ ಅದು ಶುದ್ಧ ಸಸ್ಯಾಹಾರ. ಮಕ್ಕಳ ಕೈಗೆ ಸಿಗುವ ಜೆಲ್ಲಿ ಮಿಠಾಯಿಗಳಲ್ಲಿ ಪ್ರಾಣಿಜನ್ಯ ಜೆಲಾಟಿನ್ ಇರುವುದೇ ಹೆಚ್ಚು. ಅತಿಥಿಗಳು ತಾವೇ ಅಡುಗೆ ಮಾಡಿಕೊಳ್ಳುವ ಸೌಲಭ್ಯ ಜರ್ಮನಿಯ ಹಾಸ್ಟೆಲ್‌ಗಳಲ್ಲಿ ಅಪರೂಪ. ಕೋಣೆಯಲ್ಲಿ ವಿದ್ಯುತ್ ಕುಕ್ಕರ್ ಹಚ್ಚುವ ಸಾಹಸ ಖಂಡಿತ ಬೇಡ. ಅನ್ನದ ಹಬೆಗೆ ಹೊಗೆ ಸಂವೇದಕ ಕೂಗಿಕೊಂಡರೆ ಇಡೀ ಕಟ್ಟಡವೇ ಅಂಗಳಕ್ಕೆ ಇಳಿಯಬೇಕಾದೀತು. ಬಿಸಿನೀರು ಹಾಕಿದರೆ ಸಿದ್ಧವಾಗುವ ಅವಲಕ್ಕಿ, ಚಟ್ನಿಪುಡಿಯಂಥವು ಸಾಕು.

ದರದ ವಿಷಯದಲ್ಲಿ ನಿಮ್ಮ ಅಣ್ಣ ಹೇಳಿದ್ದು ಎಲ್ಲ ಕಡೆಯೂ ನಿಜವಲ್ಲ. ಜರ್ಮನಿಯ ಹಾಸ್ಟೆಲ್‌ಗಳು ತಲೆಗಿಷ್ಟೆಂದು ಲೆಕ್ಕ ಹಾಕುತ್ತವೆ, ಹೋಟೆಲುಗಳು ಕೋಣೆಗಿಷ್ಟೆಂದು. ತೀರಾ ಪುಟ್ಟ ಮಕ್ಕಳಿಗೆ ಶುಲ್ಕವಿಲ್ಲ, ದೊಡ್ಡ ಮಕ್ಕಳಿಗೆ ರಿಯಾಯಿತಿಯಿರುತ್ತದೆ. ಆದರೂ ದೊಡ್ಡ ನಗರಗಳಲ್ಲಿ ಸಾಧಾರಣ ಹೋಟೆಲಿನ ಒಂದು ಕೋಣೆಯೇ ಅಗ್ಗವಾಗಿ ಸಿಗುವುದುಂಟು. ಉಪಾಹಾರ, ರಾತ್ರಿಯೂಟಗಳನ್ನು ಸೇರಿಸಿ ಹೋಲಿಸಿದರೆ ಮಾತ್ರ ಲೆಕ್ಕ ಸರಿಯಾಗುತ್ತದೆ. ಇದಲ್ಲದೆ ಸಂಘದ ಸದಸ್ಯತ್ವ ಕಡ್ಡಾಯ. ನಿಮ್ಮ ಅಣ್ಣನ ಕುಟುಂಬದ ಸದಸ್ಯತ್ವ ನಿಮಗೆ ಅನ್ವಯಿಸುವುದಿಲ್ಲವಾದ್ದರಿಂದ ವಿದೇಶೀ ಅತಿಥಿಗಳಿಗೆ ಯಾವ ಕಾರ್ಡ್ ಬೇಕೆಂದು ಕಾಯ್ದಿರಿಸುವಾಗ ಕೇಳಿಕೊಳ್ಳಿ. ಷೆಂಗೆನ್ ವೀಸಾ ಅರ್ಜಿಯೊಂದಿಗೆ ತಂಗುವ ಸ್ಥಳದ ದಾಖಲೆ ಕೊಡಬೇಕಿರುವುದರಿಂದ, ದೃಢೀಕರಣ ಪತ್ರದಲ್ಲಿ ಮಕ್ಕಳಿಬ್ಬರ ಹೆಸರೂ ಇರುವಂತೆ ನೋಡಿಕೊಳ್ಳುವುದು ಒಳ್ಳೆಯದು.

ನೀವು ಹೆಸರಿಸಿದ ಎರಡೂ ಕಡೆ ಹಾಸ್ಟೆಲ್‌ಗಳು ಕೋಟೆಗಳಲ್ಲೇ ಇವೆ. ನ್ಯೂರೆಂಬರ್ಗ್‌ನಲ್ಲಿ, ಹದಿನೈದನೆಯ ಶತಮಾನದ ಕೊನೆಯಲ್ಲಿ ಧಾನ್ಯದ ಕಣಜವಾಗಿ ಕಟ್ಟಿ, ಕೆಳಗೆ ಚಕ್ರವರ್ತಿಯ ಕುದುರೆಗಳನ್ನು ಕಟ್ಟುತ್ತಿದ್ದ ಬೃಹತ್ ಕಟ್ಟಡವೇ ಈಗ ಹಾಸ್ಟೆಲ್. ರೈನ್ ದಡದ ಬಾಖರಾಖ್ ಊರಿನ ಮೇಲಿರುವ ಸ್ಟಾಲೆಕ್ ಕೋಟೆ 1689ರಲ್ಲಿ ಹಾಳಾಗಿ, ಇಪ್ಪತ್ತನೆಯ ಶತಮಾನದಲ್ಲಿ ಹಾಸ್ಟೆಲಿಗಾಗಿಯೇ ಮತ್ತೆ ಎದ್ದು ನಿಂತದ್ದು. ಅದರ ಅಂಗಳದಿಂದ ಕಾಣುವ ನದಿಯ ನೋಟಕ್ಕೆ ಯಾವ ತಾರಾ ಹೋಟೆಲೂ ಸರಿಸಾಟಿಯಲ್ಲ. ಆದರೆ ಊರೊಳಗಿನಿಂದ ಅಲ್ಲಿಗೆ ಏರುವ ಕಾಲುದಾರಿ ಕಡಿದಾದದ್ದು, ಪಾಳುಬಿದ್ದ ವೆರ್ನರ್ ಪ್ರಾರ್ಥನಾಲಯದ ಪಕ್ಕದಲ್ಲಿ ಮೆಟ್ಟಿಲುಗಳನ್ನು ಹತ್ತಿ ಸಾಗುತ್ತದೆ. ಚಕ್ರದ ಸೂಟ್‌ಕೇಸೂ ಮಗುವಿನ ತಳ್ಳುಗಾಡಿಯೂ ಅಲ್ಲಿ ಹೆಣಭಾರವಾಗುತ್ತವೆ. ಬೆನ್ನಿಗೆ ಹಾಕುವ ಚೀಲಗಳಲ್ಲಿ ಎರಡು ದಿನದ ಬಟ್ಟೆ ತುಂಬಿಕೊಂಡು ಉಳಿದದ್ದನ್ನು ಅಣ್ಣನ ಮನೆಯಲ್ಲೇ ಬಿಡಿ. ನನ್ನನ್ನು ಕೇಳಿದರೆ, ಎರಡರಲ್ಲಿ ಒಂದನ್ನೇ ಆರಿಸಿಕೊಳ್ಳುವುದಾದರೆ ಬಾಖರಾಖ್ ಆರಿಸಿಕೊಂಡು ಅಲ್ಲಿ ಎರಡು ರಾತ್ರಿ ನಿಲ್ಲುತ್ತೇನೆ. ಪುಟ್ಟ ಮಕ್ಕಳೊಂದಿಗೆ ಒಂದೇ ರಾತ್ರಿಗಾಗಿ ಹಾಸಿಗೆ ಹಾಸಿ, ಬೆಳಗಾಗುತ್ತಲೇ ಬಿಚ್ಚುವುದರಲ್ಲಿ ಅರ್ಥವಿಲ್ಲ.

ಕಡೆಯದಾಗಿ ದಿನಾಂಕ. ನಮ್ಮ ಬೇಸಿಗೆ ರಜೆಯ ಮೇ ತಿಂಗಳು ಅಲ್ಲಿ ಶಾಲಾ ಪ್ರವಾಸಗಳ ಸಮಯ. ವಾರದ ನಡುವಿನ ದಿನಗಳಲ್ಲಿ ಇಡೀ ಮಹಡಿಗಳನ್ನು ತರಗತಿಗಳೇ ತುಂಬಿರುತ್ತವೆ ಮತ್ತು ಹತ್ತರ ನಂತರದ ನಿಶ್ಶಬ್ದ ನಿಯಮ ಕಾಗದದ ಮೇಲಷ್ಟೇ ಉಳಿಯುವುದುಂಟು. ಶಾಲಾ ತಂಡವಿಲ್ಲದ ಮಹಡಿಯಲ್ಲಿ ಕೋಣೆ ಕೊಡಿರೆಂದು ಕೇಳಿಕೊಳ್ಳಿ. ಈಸ್ಟರ್ ರಜೆಯಲ್ಲೂ, ಸ್ಟುಟ್‌ಗಾರ್ಟ್ ಇರುವ ಬಾಡೆನ್-ವ್ಯುರ್ಟೆಂಬರ್ಗ್ ಮತ್ತು ನ್ಯೂರೆಂಬರ್ಗ್ ಇರುವ ಬವೇರಿಯ ರಾಜ್ಯಗಳಲ್ಲಿ ಮೇ-ಜೂನ್ ಹೊತ್ತಿಗೆ ಪೆಂಟೆಕೋಸ್ಟ್ ಎಂಬ ಕ್ರೈಸ್ತ ಹಬ್ಬಕ್ಕೆ ಬರುವ ಎರಡು ವಾರಗಳ ರಜೆಯಲ್ಲೂ ಅಲ್ಲಿನ ಕುಟುಂಬಗಳೇ ಕೋಣೆಗಳನ್ನು ಬಹಳ ಮುಂಚೆ ಹಿಡಿದಿಟ್ಟುಕೊಂಡಿರುತ್ತವೆ.

ಪ್ರಶ್ನೆ: ನಾವು ಇಂಗ್ಲೆಂಡಿನ ಲೀಡ್ಸ್‌ನಲ್ಲಿ ನೆಲೆಸಿದ್ದೇವೆ. ಹನ್ನೊಂದು ತಿಂಗಳ ಮಗುವಿನೊಂದಿಗೆ ಲೇಕ್ ಡಿಸ್ಟ್ರಿಕ್ಟ್‌ನ ಹಾಸ್ಟೆಲ್‌ನಲ್ಲಿ ವಾರಾಂತ್ಯ ಕಳೆಯಬಹುದೇ? ರಾತ್ರಿ ಮಗು ಅತ್ತರೆ ಪಕ್ಕದವರು ಏನೆಂದುಕೊಂಡಾರೋ ಎಂಬ ಸಂಕೋಚವಿದೆ.
– ಓದುಗರೊಬ್ಬರು, ಲೀಡ್ಸ್

ಉತ್ತರ: ಹೋಗಬಹುದು. 1930ರಲ್ಲಿ ಆರಂಭವಾದ ಇಂಗ್ಲೆಂಡ್ ಮತ್ತು ವೇಲ್ಸ್‌ನ ಯೂತ್ ಹಾಸ್ಟೆಲ್ ಸಂಘ ಈಗ ಕುಟುಂಬಗಳನ್ನು ಕೈಬೀಸಿ ಕರೆಯುತ್ತಿದೆ. ಅಲ್ಲಿ ಖಾಸಗಿ ಕೋಣೆಯನ್ನು ಇಡಿಯಾಗಿ ಬಾಡಿಗೆಗೆ ಪಡೆಯಬಹುದು, ಸದಸ್ಯತ್ವವೂ ಕಡ್ಡಾಯವಲ್ಲ. ವಿಂಡರ್‌ಮಿಯರ್ ಸರೋವರದ ದಡದಲ್ಲೇ ಇರುವ ಆಂಬಲ್‌ಸೈಡ್ ಹಾಸ್ಟೆಲ್ ಮಗುವಿರುವವರಿಗೆ ಅನುಕೂಲ. ಗುಡ್ಡದ ಮೇಲಿನ ಒಂಟಿ ಹಾಸ್ಟೆಲ್‌ಗಳನ್ನು ಮಗು ನಡೆಯಲು ಕಲಿತ ಮೇಲೆ ನೋಡಿಕೊಳ್ಳಿ. ಈ ಸಂಘ 2023ರಲ್ಲಿ ಇಪ್ಪತ್ತು ಹಾಸ್ಟೆಲ್‌ಗಳನ್ನು ಮಾರಾಟಕ್ಕಿಟ್ಟದ್ದರಿಂದ ಹಳೆಯ ಪ್ರವಾಸಿ ಕೈಪಿಡಿಗಳ ಪಟ್ಟಿಯನ್ನು ನೆಚ್ಚಿಕೊಳ್ಳಬೇಡಿ.

ತೊಟ್ಟಿಲನ್ನು ಕಾಯ್ದಿರಿಸುವಾಗಲೇ ಕೇಳಬೇಕು, ಏಕೆಂದರೆ ಒಂದು ಹಾಸ್ಟೆಲಿನಲ್ಲಿ ಅವು ಇರುವುದೇ ಕೆಲವು. ಅಳುವಿನ ಬಗ್ಗೆ ಅಷ್ಟು ಸಂಕೋಚ ಬೇಡ. ಪಕ್ಕದ ಕೋಣೆಯಲ್ಲೂ ಬಹುಮಟ್ಟಿಗೆ ಮಕ್ಕಳೇ ಇರುತ್ತಾರೆ. ಓಣಿಯ ಕೊನೆಯ ಕೋಣೆ ಕೇಳಿದರೆ ಸಾಕು. ರಾತ್ರಿ ಹಾಲು ಬಿಸಿಮಾಡಲು ಎರಡು ಮಹಡಿ ಇಳಿದು ಅಡುಗೆಮನೆಗೆ ಹೋಗುವ ಪಾಡು ಬರದಂತೆ ಮಲಗುವ ಮೊದಲೇ ಥರ್ಮಾಸ್‌ನಲ್ಲಿ ಬಿಸಿನೀರು ತುಂಬಿಟ್ಟುಕೊಳ್ಳಿ.

ಬ್ರಿಟನ್ನಿನ ಹಾಸ್ಟೆಲ್‌ಗಳ ದೊಡ್ಡ ಅನುಕೂಲವೆಂದರೆ ಅತಿಥಿಗಳಿಗಾಗಿ ಇರುವ ಈ ಅಡುಗೆಮನೆಯೇ. ಒಲೆ, ಪಾತ್ರೆ, ಫ್ರಿಜ್ ಎಲ್ಲವೂ ಇರುವುದರಿಂದ ಮಗುವಿಗೆ ರಾಗಿಸರಿಯನ್ನೂ ನಿಮಗೆ ಸಾರು ಅನ್ನವನ್ನೂ ನಿಶ್ಚಿಂತೆಯಿಂದ ಮಾಡಿಕೊಳ್ಳಬಹುದು. ಸಂಜೆ ಆರರಿಂದ ಏಳರವರೆಗೆ ಒಲೆಗಳಿಗೆ ನೂಕುನುಗ್ಗಲು; ಐದೂವರೆಗೇ ಮುಗಿಸಿಬಿಡಿ. ಒಗ್ಗರಣೆಯ ಹೊಗೆ ಮೇಲೆದ್ದರೆ ಇಲ್ಲಿಯೂ ಸಂವೇದಕ ಸುಮ್ಮನಿರುವುದಿಲ್ಲವಾದ್ದರಿಂದ ಅದನ್ನು ಮನೆಯಲ್ಲೇ ಮಾಡಿ ಡಬ್ಬಿಯಲ್ಲಿ ಒಯ್ಯುವುದು ಜಾಣತನ. ಫ್ರಿಜ್ಜಿನಲ್ಲಿಡುವ ಪ್ರತಿಯೊಂದು ಚೀಲದ ಮೇಲೂ ಹೆಸರು ಮತ್ತು ಹೊರಡುವ ದಿನಾಂಕ ಬರೆಯಿರಿ. ಬರೆಯದಿದ್ದರೆ ನಿಮ್ಮ ಮೊಸರು ಯಾರು ಬೇಕಾದರೂ ಬಳಸಬಹುದಾದ ಕಪಾಟಿಗೋ ಕಸಕ್ಕೋ ಹೋಗುತ್ತದೆ.

ಪ್ರಶ್ನೆ: ನಮ್ಮ ದೇಶದಲ್ಲಿ ಮಕ್ಕಳೊಂದಿಗೆ ಹಾಗೆ ತಂಗಬಹುದಾದ ಹಾಸ್ಟೆಲ್‌ಗಳಿವೆಯೇ?
– ಓದುಗರೊಬ್ಬರು, ಹುಬ್ಬಳ್ಳಿ

ಉತ್ತರ: ಇವೆ, ಆದರೆ ಯುರೋಪಿನ ಕುಟುಂಬದ ಕೋಣೆಯನ್ನು ಮನಸ್ಸಿನಲ್ಲಿಟ್ಟುಕೊಂಡು ಹೋಗಬೇಡಿ. ನಮ್ಮಲ್ಲಿನ ಯೂತ್ ಹಾಸ್ಟೆಲ್‌ಗಳು ಹೆಚ್ಚಾಗಿ ವಿದ್ಯಾರ್ಥಿ ತಂಡಗಳನ್ನು ಗಮನದಲ್ಲಿಟ್ಟು ಕಟ್ಟಿದಂಥವು. ಡಾರ್ಮಿಟರಿಗಳಲ್ಲಿ ಗಂಡಸರಿಗೂ ಹೆಂಗಸರಿಗೂ ಬೇರೆ ಬೇರೆ ವ್ಯವಸ್ಥೆ ಇರುವುದರಿಂದ ಕುಟುಂಬ ಎರಡು ಭಾಗವಾಗಬೇಕಾಗುತ್ತದೆ. ಮೈಸೂರಿನ ಗಂಗೋತ್ರಿ ಬಡಾವಣೆಯ ಹಾಸ್ಟೆಲ್ಲಾಗಲಿ ದೆಹಲಿಯ ಚಾಣಕ್ಯಪುರಿಯ ಇಂಟರ್‌ನ್ಯಾಷನಲ್ ಯೂತ್ ಹಾಸ್ಟೆಲ್ಲಾಗಲಿ, ಪ್ರತ್ಯೇಕ ಕೋಣೆ ಖಾಲಿಯಿದೆಯೇ ಎಂದು ಫೋನಿನಲ್ಲಿ ಖಚಿತಪಡಿಸಿಕೊಂಡೇ ಹೊರಡಿ. ಗೋಕರ್ಣ, ಹಂಪಿಗಳಂಥ ಕಡೆ ಈಚೆಗೆ ತಲೆಯೆತ್ತಿರುವ ಖಾಸಗಿ ಬ್ಯಾಕ್‌ಪ್ಯಾಕರ್ ಹಾಸ್ಟೆಲ್‌ಗಳಲ್ಲಿ ಹಲವು ಮಕ್ಕಳನ್ನು ಡಾರ್ಮಿಟರಿಗೆ ಸೇರಿಸಿಕೊಳ್ಳುವುದಿಲ್ಲ, ಮತ್ತು ಅವುಗಳ ರಾತ್ರಿಯ ಸಂಗೀತಕ್ಕೆ ಹತ್ತು ಗಂಟೆಯ ಮಿತಿಯೂ ಇರುವುದಿಲ್ಲ. ಯೂತ್ ಹಾಸ್ಟೆಲ್ಸ್ ಅಸೋಸಿಯೇಷನ್ ಆಫ್ ಇಂಡಿಯಾ ಏರ್ಪಡಿಸುವ ಕುಟುಂಬ ಶಿಬಿರಗಳು ಇದಕ್ಕಿಂತ ಒಳ್ಳೆಯ ಆಯ್ಕೆ. ಮನಾಲಿಯಂಥ ಕಡೆ ಡೇರೆಯಲ್ಲಿ ವಾಸ, ಸಾಮೂಹಿಕ ಊಟ. ಹೆಸರು ನೋಂದಾಯಿಸುವ ಮುನ್ನ ಮಕ್ಕಳ ಕನಿಷ್ಠ ವಯಸ್ಸಿನ ನಿಯಮವನ್ನೂ ಶೌಚಾಲಯ ಡೇರೆಯಿಂದ ಎಷ್ಟು ದೂರವೆಂಬುದನ್ನೂ ಕೇಳಿಕೊಳ್ಳಿ.