ಓದುಗರ ಪ್ರಶ್ನೆ: ಮದುವೆಯ ಹಾರವನ್ನು ಮಳೆಗಾಲ ದಾಟಿಸುವುದು ಹೇಗೆ?

ಪ್ರಶ್ನೆ: ಕಳೆದ ಏಪ್ರಿಲ್‌ನಲ್ಲಿ ಮಗಳ ಮದುವೆಯಾಯಿತು. ಅವಳು ಧರಿಸಿದ್ದ ಗುಲಾಬಿ, ಸೇವಂತಿಗೆ, ಮಲ್ಲಿಗೆಯ ಹಾರವನ್ನು ಒಳಕೋಣೆಯಲ್ಲಿ ನೇತುಹಾಕಿದ್ದೆ. ಮೇ ಕೊನೆಯ ಹೊತ್ತಿಗೆ ಚೆನ್ನಾಗಿಯೇ ಒಣಗಿತ್ತು. ಜುಲೈಯಲ್ಲಿ ನೋಡಿದರೆ ಹೂಗಳ ಮೇಲೆಲ್ಲ ಬಿಳಿ ಬೂಷ್ಟು. ಒಲೆಯ ಮೇಲೆ ಕಟ್ಟಿದ್ದರೆ ಹೀಗಾಗುತ್ತಿರಲಿಲ್ಲ ಎನ್ನುತ್ತಾರೆ ನಮ್ಮ ಅತ್ತೆ. ಇದನ್ನು ಗಾಜಿನ ಚೌಕಟ್ಟಿನಲ್ಲಿ ಹಾಕಿಸಿ ಮಗಳಿಗೆ ಕೊಡಲು ಇನ್ನೂ ಸಾಧ್ಯವೇ?
– ಓದುಗರೊಬ್ಬರು, ಮಡಿಕೇರಿ ತಾಲ್ಲೂಕು

ಉತ್ತರ: ಇಡೀ ಹಾರವನ್ನು ಉಳಿಸುವುದು ಕಷ್ಟ; ಆದರೆ ಅದರಿಂದ ಹತ್ತು ಹನ್ನೆರಡು ಒಳ್ಳೆಯ ಹೂಗಳನ್ನು ಆರಿಸಿಕೊಳ್ಳಲು ಖಂಡಿತ ಸಾಧ್ಯವಿದೆ. ನೀವು ಒಣಗಿಸಿದ ಕ್ರಮದಲ್ಲಿ ತಪ್ಪೇನೂ ಇರಲಿಲ್ಲ. ಮುಚ್ಚಳ ತೆರೆದಿಟ್ಟ ಡಬ್ಬಿಯ ಹಪ್ಪಳ ಹೇಗೆ ಮೆತ್ತಗಾಗುತ್ತದೆಯೋ ಹಾಗೆಯೇ ಒಣಹೂವು ಕೂಡ ಗಾಳಿಯ ತೇವವನ್ನು ಮತ್ತೆ ಹೀರಿಕೊಳ್ಳುತ್ತದೆ. ಗಾಳಿಯ ಸಾಪೇಕ್ಷ ಆರ್ದ್ರತೆ (ಗಾಳಿ ಹಿಡಿದುಕೊಳ್ಳಬಲ್ಲ ತೇವದಲ್ಲಿ ಈಗಿರುವುದರ ಪಾಲು) ಶೇ 65–70ನ್ನು ಮೀರಿ ಹಲವು ದಿನ ನಿಂತರೆ ಬೂಷ್ಟು ಹಿಡಿಯುತ್ತದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮಡಿಕೇರಿ, ಭಾಗಮಂಡಲದ ಕಡೆ ಅದಕ್ಕಿಂತ ಒಣಗಿದ ಗಾಳಿ ಸಿಗುವುದೇ ಅಪರೂಪ. ಹೀಗಾಗಿ ನಮ್ಮ ಜಿಲ್ಲೆಯಲ್ಲಿ ಹೂವನ್ನು ಒಣಗಿಸುವುದಕ್ಕಿಂತ ಒಣಗಿದ್ದನ್ನು ಹಾಗೆಯೇ ಇರಿಸಿಕೊಳ್ಳುವುದೇ ದೊಡ್ಡ ಕೆಲಸ.

ನಿಮ್ಮ ಅತ್ತೆಯವರ ಮಾತಿನಲ್ಲಿ ಹುರುಳಿದೆ. ಒಲೆಯ ಮೇಲಿನ ಶಾಖಕ್ಕೆ ಬೂಷ್ಟು ಬಾರದು. ಆದರೆ ಹೊಗೆಯ ಮಸಿ ಎಸಳಿನ ಮೇಲೆ ಕೂತರೆ ಯಾವ ಉಪಾಯಕ್ಕೂ ಹೋಗುವುದಿಲ್ಲವಾದ್ದರಿಂದ, ಕಣ್ಣಿಗೆ ಚೆಂದವಾಗಿ ಇಡಬೇಕಾದ ಹೂವಿಗೆ ಆ ಜಾಗ ಸಲ್ಲದು.

ಈಗ ಮಾಡಬೇಕಾದದ್ದು ಇಷ್ಟು. ಮೂಗು ಬಾಯಿಗೆ ಮಾಸ್ಕ್ ಕಟ್ಟಿಕೊಂಡು, ಹಾರವನ್ನು ಮನೆಯ ಹೊರಗೆ, ಮಳೆ ತಾಗದ ಜಗಲಿಯಲ್ಲಿ ಕಾಗದದ ಮೇಲೆ ಹರಡಿ, ದಾರವನ್ನು ಕತ್ತರಿಸಿ ಹೂಗಳನ್ನು ಬಿಡಿಸಿಕೊಳ್ಳಿ. ಬೂಷ್ಟು ದಟ್ಟವಾಗಿ ಹಿಡಿದವನ್ನು ಮನಸ್ಸು ಗಟ್ಟಿ ಮಾಡಿಕೊಂಡು ಬಿಟ್ಟುಬಿಡಿ, ಏಕೆಂದರೆ ಅದು ಎಸಳಿನ ಒಳಗಿಳಿದಿರುತ್ತದೆ, ಒರೆಸಿದರೂ ಕಲೆ ಉಳಿಯುತ್ತದೆ. ಮಲ್ಲಿಗೆಯ ಆಸೆಯನ್ನೂ ಬಿಡಬೇಕಾಗುತ್ತದೆ: ಬಿಳಿ ಎಸಳಿನ ರಸ ಗಾಳಿಯೊಡನೆ ಬೆರೆತು ಕಂದುಗಟ್ಟುವುದು ಅದರ ಗುಣ. ಕೆಂಪು ಗುಲಾಬಿ ಒಣಗಿದಾಗ ಕಪ್ಪಿಗೆ ತಿರುಗುತ್ತದೆಯಾದರೂ ಆಕಾರ ಬಿಡುವುದಿಲ್ಲ.

ಆರಿಸಿದ ಹೂಗಳನ್ನು ಸಿಲಿಕಾ ಜೆಲ್‌ನಲ್ಲಿ, ಅಂದರೆ ತೇವ ಹೀರುವ ಹರಳುಗಳಲ್ಲಿ, ಮತ್ತೊಮ್ಮೆ ಒಣಗಿಸಿ. ದಪ್ಪ ಗುಂಡುಗಳು ಎಸಳಿಗೆ ಗುಳಿ ಬೀಳಿಸುತ್ತವೆ. ಸಕ್ಕರೆಯಷ್ಟು ಸಣ್ಣ ಹರಳಿನದನ್ನೇ ಕೇಳಿ ತನ್ನಿ. ನೀಲಿ ಬಣ್ಣದ ಜೆಲ್‌ನಲ್ಲಿ ಕೋಬಾಲ್ಟ್ ಲವಣ ಇರುವುದರಿಂದ ಮಕ್ಕಳಿರುವ ಮನೆಗೆ ಅದು ಬೇಡ, ಕಿತ್ತಳೆ ಬಣ್ಣದ್ದು ಮೇಲು. ಬಿಗಿ ಮುಚ್ಚಳದ ಡಬ್ಬಿಯ ತಳದಲ್ಲಿ ಎರಡು ಅಂಗುಲ ಹರಳು ಹರಡಿ, ಹೂವನ್ನು ಮುಖ ಮೇಲಾಗಿ ಕೂರಿಸಿ, ಚಮಚದಿಂದ ಎಸಳು ಎಸಳಿನ ನಡುವೆಯೂ ಮೆಲ್ಲಗೆ ಹರಳು ಉದುರಿಸುತ್ತ ಪೂರ್ತಿ ಮುಚ್ಚಿ, ಮುಚ್ಚಳಕ್ಕೆ ಟೇಪು ಸುತ್ತಿ ಒಂದು ವಾರ ಬಿಡಿ. ಹೊರತೆಗೆದಾಗ ಎಸಳು ಕಾಗದದಂತೆ ಸರಸರ ಎಂದ ಮಾತ್ರಕ್ಕೆ ನಂಬಬೇಡಿ. ತೊಟ್ಟು ಸೇರುವ ಹಸಿರು ಬುಡವನ್ನು ಉಗುರಿನಿಂದ ಒತ್ತಿ ನೋಡಿ. ಮೆತ್ತಗೆ ಒಳಗೆ ಹೋದರೆ ಇನ್ನೂ ಮೂರು ದಿನ ಬೇಕು. ಕಣದಲ್ಲಿ ಒಣಹಾಕಿದ ಚೆರ್ರಿ ಕಾಫಿಯನ್ನು (ಸಿಪ್ಪೆ ಸಮೇತ ಒಣಗಿಸುವ ಕಾಫಿ ಹಣ್ಣು) ಕೈಯಲ್ಲಿ ಅಲುಗಿಸಿ, ಒಳಗೆ ಬೀಜ ಗಲಗಲ ಎಂದ ಮೇಲೆಯೇ ಚೀಲಕ್ಕೆ ತುಂಬುವ ನಮ್ಮವರಿಗೆ ಈ ಎಚ್ಚರ ಹೊಸದೇನಲ್ಲ.

ಒಣಹೂವಿಗೆ ಸಣ್ಣ ಕಂದು ಹುಳುಗಳ ಕಾಟವೂ ಇದೆ. ಹೂಗಳನ್ನು ಗಾಳಿಯಾಡದ ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ ಎರಡು ವಾರ ಫ್ರೀಜರ್‌ನಲ್ಲಿಟ್ಟರೆ ಮೊಟ್ಟೆಗಳೂ ಸಾಯುತ್ತವೆ. ಹೊರತೆಗೆದ ಮೇಲೆ ಒಂದು ಹಗಲು ಚೀಲ ಬಿಚ್ಚಬೇಡಿ. ಬಿಚ್ಚಿದರೆ ತಣ್ಣಗಿನ ಎಸಳಿನ ಮೇಲೆ ಗಾಳಿಯ ನೀರು ಹನಿಗಟ್ಟುತ್ತದೆ.

ಚೌಕಟ್ಟು ಕಟ್ಟಿಸುವ ಕೆಲಸವನ್ನು ದಯವಿಟ್ಟು ಜನವರಿಯವರೆಗೆ ಮುಂದೂಡಿ. ಮಳೆಗಾಲದಲ್ಲಿ ಮುಚ್ಚಿದ ಗಾಜು ಮಳೆಗಾಲದ ಗಾಳಿಯನ್ನೇ ಒಳಗೆ ಹಿಡಿದಿಟ್ಟುಕೊಳ್ಳುತ್ತದೆ. ಅಲ್ಲಿಯವರೆಗೆ ಹೂಗಳು ಸಿಲಿಕಾ ಪೊಟ್ಟಣದೊಂದಿಗೆ ಡಬ್ಬಿಯಲ್ಲೇ ಇರಲಿ. ಎಸಳು ಗಾಜಿಗೆ ತಾಗದಷ್ಟು ಆಳವಿರುವ ಪೆಟ್ಟಿಗೆಯಂಥ ಚೌಕಟ್ಟನ್ನು ಮಾಡಿಸಿ, ಹಿಂಬದಿಯ ಹಲಗೆಗೆ ಅಂಟು ಹಾಕಿಸದೆ ಸ್ಕ್ರೂ ಹಾಕಿಸಿದರೆ, ಪ್ರತಿವರ್ಷ ಮೇ ತಿಂಗಳಲ್ಲಿ ಅದನ್ನು ಬಿಚ್ಚಿ ಒಳಗಿನ ಸಿಲಿಕಾ ಪೊಟ್ಟಣವನ್ನು ಬದಲಿಸಬಹುದು. ಮಳೆಗಾಳಿ ಬಡಿಯುವ ಹೊರಗೋಡೆಗೆ ತೂಗುಹಾಕಬೇಡಿ. ಒಳಗೋಡೆಯಲ್ಲೂ ಹಿಂದೆ ಬೆರಳು ಹೋಗುವಷ್ಟು ಸಂದು ಇರಲಿ. ಕಿಟಕಿಯ ಬಿಸಿಲು ಬೀಳುವಲ್ಲಿ ಬಣ್ಣ ಬೇಗ ಮಾಸುತ್ತದೆ. ಹಾರದ ಜರಿದಾರ ಚೆನ್ನಾಗಿದ್ದರೆ ಅದನ್ನೂ ಹೂಗಳ ಸುತ್ತ ಬಳಸಿ ಇರಿಸಿ. ಮಗಳಿಗೆ ತನ್ನ ಹಾರದ ಗುರುತು ಅದರಿಂದಲೇ ಹೆಚ್ಚು ಸಿಕ್ಕೀತು.

ಪ್ರಶ್ನೆ: ಮದುವೆಯ ಗುಲಾಬಿಗಳನ್ನು ರೆಸಿನ್‌ನಲ್ಲಿ (ಸುರಿದ ಮೇಲೆ ಗಾಜಿನಂತೆ ಗಟ್ಟಿಯಾಗುವ ಪಾರದರ್ಶಕ ದ್ರವ) ಹಾಕಿಸಿದ್ದೆವು. ನಾಲ್ಕೇ ತಿಂಗಳಲ್ಲಿ ಒಳಗಿನ ಹೂವು ಕಂದಾಗಿದೆ. ಸರಿಪಡಿಸಬಹುದೇ?
– ಓದುಗರೊಬ್ಬರು, ವಿರಾಜಪೇಟೆ

ಉತ್ತರ: ಹೂವು ಪೂರ್ತಿ ಒಣಗುವ ಮುನ್ನವೇ ರೆಸಿನ್ ಸುರಿದಿರುವ ಸಾಧ್ಯತೆ ಹೆಚ್ಚು, ಒಳಗೆ ಸಿಕ್ಕಿಬಿದ್ದ ತೇವಕ್ಕೆ ಹೊರಬರಲು ದಾರಿಯಿರುವುದಿಲ್ಲ. ಒಮ್ಮೆ ಗಟ್ಟಿಯಾದ ರೆಸಿನ್‌ನಿಂದ ಹೂವನ್ನು ಕೆಡದಂತೆ ಬಿಡಿಸುವ ಉಪಾಯವಿಲ್ಲ. ಬಿಸಿಲಿಗೆ ರೆಸಿನ್ ಕೂಡ ಹಳದಿಗಟ್ಟುತ್ತದೆ, ಆದ್ದರಿಂದ ಅದನ್ನು ಕಿಟಕಿಯಿಂದ ದೂರವಿಡಿ. ಮದುವೆಯ ಬೇರೆ ಹೂಗಳೇನಾದರೂ ಮನೆಯಲ್ಲಿ ಉಳಿದಿದ್ದರೆ, ಮೇಲೆ ಹೇಳಿದಂತೆ ಬುಡ ಒತ್ತಿ ನೋಡಿ ಒಣಗಿಸಿದ ಮೇಲೆಯೇ ಮುಂದಿನ ಕೆಲಸಕ್ಕೆ ಕೊಡಿ.